ಕೊಬ್ಬರಿ ಧಾರಣೆ ಹೇಳುವ ಪೆಟ್ಟಿಗೆ

ಮೊಬೈಲು ಇನ್ನೂ ನಮ್ಮ ಕಡೆ ಕಾಲಿಡದ ಕಾಲ. ದಂಡಿನಶಿವರದ ನಮ್ಮ ಬೀದಿಗೆಲ್ಲ ಒಂದೇ ಫೋನು. ಮರುಳಪ್ಪಣ್ಣನ ನಡುಮನೆಯ ಗೂಡಿನಲ್ಲಿ, ಅವನ ಹೆಂಡತಿ ಅಂಕಮ್ಮ ಹೆಣೆದ ದಾರದ ಬಟ್ಟೆ ಹೊದ್ದು ಅದು ಕೂತಿರುತ್ತಿತ್ತು. ಫೋನು ಮರುಳಪ್ಪಣ್ಣನದು, ಅದರೊಳಗಿನ ಮಾತು ಬೀದಿಯದು. ಯಾರಿಗೆ ಕರೆ ಬಂದರೂ ಕೈಲಿದ್ದ ಕೆಲಸ ಬಿಟ್ಟು ನಾವೆಲ್ಲ ಹೋಗಿ ಕೂರುತ್ತಿದ್ದೆವು. ಇದರಲ್ಲಿ ಕೆಟ್ಟ ಕುತೂಹಲವೇನೂ ಇರಲಿಲ್ಲ. ಪಾಪ, ಅಷ್ಟು ದೂರದಿಂದ ಮಾತಾಡುತ್ತಾರೆ, ಕೇಳುವವನು ಒಬ್ಬನೇ ಆದರೆ ಅವರಿಗೆಷ್ಟು ಬೇಜಾರು!

ಭಾನುವಾರ ಸಂಜೆಯ ಕರೆ ನನ್ನ ಪಕ್ಕದ ಮನೆಯ ಶಂಭುಲಿಂಗಯ್ಯನದು. ಅವನ ಮದುವೆಯ ಚಪ್ಪರ ಬಿಚ್ಚುವ ಹೊತ್ತಿಗೇ ಹೆಂಡತಿ ಗಂಗಾಂಬಿಕೆಗೆ ಟೀಚರ್ ಕೆಲಸದ ಆರ್ಡರ್ ಬಂದಿತ್ತು, ದೇವದುರ್ಗದ ಆಚೆಯ ಒಂದು ಹಳ್ಳಿಗೆ. ಸರ್ಕಾರಿ ಕೆಲಸ ಬಿಡುವುದುಂಟೇ? ಅವಳು ಹೋದಳು. ತೆಂಗಿನ ತೋಟ, ಎಮ್ಮೆ, ತಾಯಿ ಕಲ್ಲಮ್ಮ, ಇವರನ್ನೆಲ್ಲ ಬಿಡುವುದುಂಟೇ? ಇವನು ಉಳಿದ. ವರ್ಗ ಆಗುತ್ತೆ ಆಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ಆಗುತ್ತಿರಲಿಲ್ಲ. ಬೇಸಿಗೆ ರಜಕ್ಕೊಮ್ಮೆ, ದಸರಾ ರಜಕ್ಕೊಮ್ಮೆ ಅವಳು ಬಂದು ಹೋಗುತ್ತಿದ್ದಳು. ಉಳಿದ ದಿನಕ್ಕೆಲ್ಲ ಭಾನುವಾರದ ಫೋನೇ ಗತಿ.

ಆ ಫೋನಿನ ಗಂಟಲು ದೊಡ್ಡದು. ಆ ತುದಿಯವರು ಮೆತ್ತಗೆ ಮಾತಾಡಿದರೂ ಗೋಡೆಗೆ ಒರಗಿ ಕೂತ ಕಲ್ಲಮ್ಮನಿಗೆ ಕೇಳಿಸುತ್ತಿತ್ತು. ಹಾಗಾಗಿ ಗಂಡ ಹೆಂಡಿರ ಮಾತು ಹೀಗೆ ನಡೆಯುತ್ತಿತ್ತು:

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಹೊತ್ತು ಮುಳುಗುವ ಮುಂಚೆ ಯಾರ ಮನೆಯಲ್ಲೂ ಊಟ ಆಗಿರುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿದ್ದರು, ನಾವೆಲ್ಲ ನಂಬುತ್ತಿದ್ದೆವು.

"ಎಮ್ಮೆ ಕರ ಹಾಕ್ತಾ?"

"ಹಾಕ್ತು. ಹೆಣ್ಗರ."

"ಮತ್ತೆ?"

"ಮತ್ತೇನಿಲ್ಲ."

ಆ 'ಮತ್ತೆ' ಆದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು. ಫೋನನ್ನೂ ಇಡುತ್ತಿರಲಿಲ್ಲ. ಆ ಕಡೆ ಎಸ್‌ಟಿಡಿ ಬೂತಿನ ಮೀಟರು ಓಡುತ್ತಿತ್ತು, ಈ ಕಡೆ ಮರುಳಪ್ಪಣ್ಣ ಆಕಳಿಸುತ್ತಿದ್ದ. ಕೊನೆಗೆ ಕಲ್ಲಮ್ಮ "ಸುಮ್ಕೆ ಯಾಕ್ಲಾ ಹಿಡ್ಕಂಡು ನಿಂತಿದ್ದೀಯ, ಮಡಗು" ಅನ್ನುತ್ತಿದ್ದಳು. ಶಂಭುಲಿಂಗಯ್ಯ ಇಡುತ್ತಿದ್ದ. ಆಮೇಲೆ ದಾರದ ಬಟ್ಟೆಯನ್ನು ಅವನೇ ಫೋನಿನ ಮೇಲೆ ಎಳೆದು, ಮಲಗಿದ ಮಗುವಿಗೆ ಹೊದಿಸುವ ಹಾಗೆ ನಾಲ್ಕೂ ಕಡೆ ಸರಿಮಾಡುತ್ತಿದ್ದ.

ಕಾಗದವನ್ನಾದರೂ ಬರೆಯಬಾರದೇ ಅಂತ ನೀವು ಕೇಳಬಹುದು. ಬರೆಯುತ್ತಿದ್ದಳು. ಕಲ್ಲಮ್ಮನಿಗೆ ಓದು ಬಾರದು. ಸೊಸೆಯ ಕಾಗದ ಬಂದರೆ ಜಗುಲಿಯ ಮೇಲೆ ಕೂತು "ಗಟ್ಟಿಯಾಗಿ ಓದ್ಲಾ" ಅನ್ನುತ್ತಿದ್ದಳು. ಒಮ್ಮೆ ಹಾಗೆ ಓದುವಾಗ ಶಂಭುಲಿಂಗಯ್ಯ ಒಂದು ಸಾಲಿನ ಮುಂದೆ ನಿಂತುಬಿಟ್ಟ. ಕಿವಿ ಕೆಂಪಾಯಿತು. "ಏನಂತ್ಲಾ?" ಅಂದಳು ತಾಯಿ. "ಅಲ್ಲಿ ಮಳೆಯಂತೆ" ಅಂದ. ಈ ಸಂಗತಿ ಗಂಗಾಂಬಿಕೆಗೆ ಹೇಗೋ ಗೊತ್ತಾಗಿ, ಮುಂದಿನ ಕಾಗದಗಳಲ್ಲಿ ಅವಳು ಬರೀ ಮಳೆಯನ್ನೇ ಬರೆದಳು.

ಆ ವರ್ಷ ಬೇಸಿಗೆ ರಜಕ್ಕೆ ಬರುವಾಗ ಅವಳು ರಾಯಚೂರಲ್ಲಿ ಕಂಪ್ಯೂಟರ್ ತರಬೇತಿ ಮುಗಿಸಿಕೊಂಡು ಬಂದಿದ್ದಳು. ವಾಪಸು ಹೋಗುವ ದಿನ ಬಸ್ಸಿಗೆ ಕಾಯುತ್ತ ಗಂಡನಿಗೆ ಹೇಳಿದಳು: "ರೀ, ಅದರಲ್ಲಿ ಈಮೇಲ್ ಅಂತ ಇರುತ್ತೆ. ನಾನು ಬರೆದದ್ದನ್ನ ನಿಮ್ಮನ್ನ ಬಿಟ್ಟು ಯಾರೂ ಓದಕ್ಕಾಗಲ್ಲ. ಬೀಗ ಹಾಕಿದಂಗೆ." ಬಸ್ಸು ಹೋಯಿತು. ಆ ಬೀಗ ಮಾತ್ರ ಶಂಭುಲಿಂಗಯ್ಯನ ತಲೆಯಲ್ಲಿ ಕೂತುಬಿಟ್ಟಿತು.

ಆಷಾಢ ಕಳೆಯುವಷ್ಟರಲ್ಲಿ ತಿಪಟೂರಿನ ಅಬ್ದುಲ್ ಖಾದರ್ ಸಾಬರ ಅಂಗಡಿಯಿಂದ ಒಂದು ಹಳೇ ಕಂಪ್ಯೂಟರು ಅವನ ಮನೆಗೆ ಬಂತು. ಸಾಬರು ಟೀವಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತ ಮಾಡುತ್ತ ಕಂಪ್ಯೂಟರಿಗೂ ಕೈಹಾಕಿದವರು. "ಪೆಟ್ಟಿಗೆ ಖಾಲಿ ಇದೆ. ಈ ಡಿಸ್ಕ್ ಹಾಕಿ ಆನ್ ಮಾಡಿದ್ರೆ ಇದರಲ್ಲಿರೋದೆಲ್ಲ ಅದಕ್ಕೆ ಇಳಿಯುತ್ತೆ. ನಾನೇ ಹಾಕಿಕೊಡ್ಲಾ?" ಅಂದರಂತೆ.

"ಬ್ಯಾಡ ಬಿಡಿ ಸಾಬ್ರೇ, ನಮ್ಮನೇವ್ರು ಕಂಪ್ಯೂಟರ್ ಕಲ್ತವ್ರೆ" ಅಂದನಂತೆ ನಮ್ಮ ಶಂಭುಲಿಂಗಯ್ಯ, ಎದೆ ಉಬ್ಬಿಸಿ. ಕಲಿತವಳು ದೇವದುರ್ಗದಲ್ಲಿದ್ದಾಳೆ ಅನ್ನುವುದು ಅವನಿಗೆ ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಬೀದಿಯವರು ಕೇಳಿಯೇ ಕೇಳಿದರು, ಇದೇತಕ್ಕೆ ಅಂತ. ಹೆಂಡತಿಯ ಹತ್ತಿರ ಗುಟ್ಟಾಗಿ ಮಾತಾಡಲಿಕ್ಕೆ ಅಂತ ಹೇಳಿದ್ದರೆ ಮುಂದಿನ ಯುಗಾದಿಯವರೆಗೂ ನಾವು ನಗುತ್ತಿದ್ದೆವು. ಅವನು ತಡವರಿಸಿ, "ಕೊಬ್ಬರಿ ಧಾರಣೆ ನೋಡಕ್ಕೆ. ತಿಪಟೂರು ಹರಾಜಿನ ರೇಟು ಇಲ್ಲೇ ಬತ್ತದೆ" ಅಂದುಬಿಟ್ಟ.

ಎಂಥ ಮಾತು! ನಮ್ಮ ಕಡೆ ದೇವರ ವಿಷಯದಲ್ಲಿ ಸುಳ್ಳು ಹೇಳಿದರೂ ನಡೆದೀತು, ಕೊಬ್ಬರಿಯ ವಿಷಯದಲ್ಲಿ ನಡೆಯುವುದಿಲ್ಲ. ಮರುಳಪ್ಪಣ್ಣನ ಅಟ್ಟದ ತುಂಬ ಕಾಯಿ ಒಣಗಿ ಕೊಬ್ಬರಿಯಾಗಿ ಕೂತಿತ್ತು. ಧಾರಣೆ ಏರಲಿ ಅಂತ ಅವನು ಕಾಯುತ್ತಲೇ ಇದ್ದ, ಅದು ಇಳಿಯುತ್ತಲೇ ಇತ್ತು. ಅಂದಿನಿಂದ ಶಂಭುಲಿಂಗಯ್ಯನ ಪೆಟ್ಟಿಗೆಯ ಮೇಲೆ ಶಂಭುಲಿಂಗಯ್ಯನಿಗಿಂತ ಅವನಿಗೇ ಹೆಚ್ಚು ಕಾಳಜಿ.

ಸೋಮವಾರ ಒಳ್ಳೆಯ ದಿನ ಅಂತ ಪ್ರಾರಂಭಕ್ಕೆ ಇಟ್ಟುಕೊಂಡರು. ಕಲ್ಲಮ್ಮ ಪೂಜೆಗೆ ನಿಂತು, "ಇದರಲ್ಲಿ ಮುಖ್ಯವಾದ್ದು ಯಾವುದ್ಲಾ?" ಅಂತ ಕೇಳಿದಳು. ಮಗ ಡಿಸ್ಕನ್ನು ತೋರಿಸಿ, "ಇದೇ ಕಣವ್ವ ಜೀವ. ಇದು ಒಳಕ್ಕೆ ಹೋದ್ರೇನೆ ಅದು ಬದುಕೋದು" ಅಂದ. ಜೀವ ಅಂದ ಮೇಲೆ ಬರಿಗೈಲಿ ಬಿಡಲಾದೀತೇ? ಅವಳು ಅದನ್ನು ದೇವರ ಮನೆಗೆ ಒಯ್ದು ತಿರುಗಿಸಿ ನೋಡಿದಳು. ಒಂದು ಕಡೆ ಏನೋ ಬರೆದಿತ್ತು, ಇನ್ನೊಂದು ಕಡೆ ಕನ್ನಡಿಯಂತೆ ಹೊಳೆಯುತ್ತ ಅವಳ ಮುಖವನ್ನೇ ತೋರಿಸಿತು. ಯಾವುದು ಬೆನ್ನು, ಯಾವುದು ಹಣೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ವಿಭೂತಿ ನೀರಲ್ಲಿ ಕಲಸಿ ಹೊಳೆಯುವ ಕಡೆ ಮೂರು ಬೆರಳಿಂದ ಅಡ್ಡಲಾಗಿ ಎಳೆದಳು. ಕುಂಕುಮ ಇಡಲು ನಡುವೆ ತೂತಿದ್ದದ್ದರಿಂದ ಸ್ವಲ್ಪ ಮೇಲಕ್ಕೆ ಇಟ್ಟಳು.

ಶಂಭುಲಿಂಗಯ್ಯ ಡಿಸ್ಕನ್ನು ಕಣ್ಣಿಗೆ ಒತ್ತಿಕೊಂಡು, ಸಾಬರು ತೋರಿಸಿಕೊಟ್ಟಂತೆ ಅಕ್ಷರ ಮೇಲೆ ಮಾಡಿ ಒಳಗೆ ತಳ್ಳಿದ. "ಮಖ ಕೆಳಕ್ಕೆ ಮಾಡಿ ಮಲಗಿಸ್ತೀಯಲ್ಲೋ" ಅಂತ ಕಲ್ಲಮ್ಮ ಹೇಳುತ್ತಲೇ ಇದ್ದಳು. ಪೆಟ್ಟಿಗೆ ಗುಂಯ್‌ಗುಟ್ಟಿತು, ಒಳಗೆ ಡಿಸ್ಕು ತಿರುಗಿತು, ನಿಂತಿತು, ಇನ್ನೊಮ್ಮೆ ತಿರುಗಿತು. ಕರಿ ಪರದೆಯ ಮೇಲೆ ಇಂಗ್ಲಿಷು ಮೂಡಿತು. ಐಟಿಐ ಓದಿದ ಲೈನ್‌ಮನ್ ಬೆಟ್ಟಸ್ವಾಮಿ ಮುಂದೆ ಬಂದು ಓದಿದ: "ಡಿಸ್ಕ್ ಬೂಟ್ ಫೇಲ್ಯೂರ್."

"ಫೇಲಾ? ತಂದು ಇನ್ನೂ ದಿನ ಆಗಿಲ್ಲ, ಪರೀಕ್ಷೆ ಯಾವಾಗ ಬರೀತು?" ಅಂದಳು ಅಂಕಮ್ಮ.

ಮರುಳಪ್ಪಣ್ಣ ಸುಮ್ಮನೆ ಕೂರುವವನಲ್ಲ. ತಂತಿಗಳನ್ನೆಲ್ಲ ಬಿಚ್ಚಿಸಿ, ಪೆಟ್ಟಿಗೆಯನ್ನು ಎರಡೂ ಕೈಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕೊಬ್ಬರಿ ಕಾಯಿಯನ್ನು ನಾವು ನೋಡುವುದೇ ಹಾಗೆ. ಒಳಗೆ ಲೊಡಲೊಡ ಅಂದರೆ ಒಣಗಿದೆ, ಒಡೆಯಬಹುದು ಅಂತ. ಒಳಗೆ ಎಲ್ಲೋ ಕಳಚಿದ ಒಂದು ಸ್ಕ್ರೂ ಲೊಡಲೊಡ ಅಂದಿತು.

"ಮಾಲು ಚೆನ್ನಾಗೈತೆ ಕಣ್ಲಾ" ಅಂತ ತೀರ್ಪು ಕೊಟ್ಟ. "ಒಳಗೆ ಬಿಟ್ಕಂಡೈತೆ. ಕರೆಂಟಿಂದೇ ತೊಂದ್ರೆ."

"ಕರೆಂಟ್ ಬಗ್ಗೆ ಮಾತಾಡ್ಬ್ಯಾಡಿ ಮರುಳಪ್ಪಣ್ಣ!" ಅಂತ ಬೆಟ್ಟಸ್ವಾಮಿ ಎಗರಿದ. "ನನ್ ಲೈನು ಹಾಲಿದ್ದಂಗೈತೆ."

ಭಾನುವಾರ ಫೋನು ಬಂದಾಗ ಶಂಭುಲಿಂಗಯ್ಯ ತಲೆ ತಗ್ಗಿಸಿಕೊಂಡು ಪೆಟ್ಟಿಗೆ ತಂದದ್ದನ್ನೂ ಅದು ಫೇಲಾದದ್ದನ್ನೂ ಹೆಂಡತಿಗೆ ಹೇಳಿದ. ಆಮೇಲೆ ಗಂಗಾಂಬಿಕೆ, "ನೀವು ಫೋನ್ ಇಡ್ಬೇಡಿ. ನಾನು ಹೇಳ್ತಾ ಹೋಗ್ತೀನಿ, ಅಲ್ಲಿ ಯಾರಾದ್ರೂ ಮಾಡ್ತಾ ಹೋಗ್ಲಿ" ಅಂದಳು.

ಫೋನು ಬೀದಿಯ ಈ ಕಡೆ, ಕಂಪ್ಯೂಟರು ಆ ಕಡೆ. ಮಧ್ಯೆ ಬೀದಿ. ಹಾಗಾಗಿ ನಾವು ಸಾಲು ನಿಂತೆವು. ಅಂಕಮ್ಮ ತನ್ನ ಮನೆಯ ಹೊಸ್ತಿಲಲ್ಲಿ, ನಾನು ಬೀದಿಯ ನಡುವೆ, ಮರುಳಪ್ಪಣ್ಣ ಶಂಭುಲಿಂಗಯ್ಯನ ಜಗುಲಿಯ ಮೇಲೆ, ಬೆಟ್ಟಸ್ವಾಮಿ ಪೆಟ್ಟಿಗೆಯ ಮುಂದೆ, ಕಲ್ಲಮ್ಮ ಅವನ ಪಕ್ಕದಲ್ಲಿ. ಉಳಿದವರು ಎಲ್ಲೆಲ್ಲಿ ಜಾಗ ಇತ್ತೋ ಅಲ್ಲಿ.

"ಆನ್ ಮಾಡಿದ ತಕ್ಷಣ ಡಿಲೀಟ್ ಒತ್ಬೇಕಂತೆ!" ಅಂತ ಶಂಭುಲಿಂಗಯ್ಯ ಒಳಗಿಂದ ಕೂಗಿದ.

"ಡಿಲೀಟ್ ಒತ್ಬೇಕಂತೆ, ತಕ್ಷಣ ಅಂತೆ!" ಅಂದಳು ಅಂಕಮ್ಮ.

"ಡಿಲೀಟು! ತಡ ಮಾಡಂಗಿಲ್ಲ!" ಅಂದೆ ನಾನು.

"ಲೇ ಬೆಟ್ಟ, ಡಿಲೀಟ್ ಒತ್ಲಾ. ಮೆತ್ಗೆ ಒತ್ತು. ಚಪ್ಪಲಿ ಬುಟ್ಟು ಒತ್ತು!" ಅಂದ ಮರುಳಪ್ಪಣ್ಣ.

"ಚಪ್ಪಲಿ ಹಾಕ್ಕಂಡೇ ಒತ್ಬೇಕು ಕಣಣ್ಣ, ಶಾಕ್ ಹೊಡದ್ರೆ ನೀನು ಬತ್ತೀಯಾ?" ಅಂದ ಬೆಟ್ಟಸ್ವಾಮಿ. ಚಪ್ಪಲಿಯ ವಿಷಯ ಇತ್ಯರ್ಥ ಆಗುವಷ್ಟರಲ್ಲಿ ಡಿಲೀಟ್ ಒತ್ತುವ ಹೊತ್ತು ಮೀರಿ ಮತ್ತೆ ಫೇಲ್ ಅಂತ ಬಂತು. ಮೊದಲಿಂದ ಶುರು.

ಹೀಗೇ ಒತ್ತಿ, ಬಿಟ್ಟು, ಕೊನೆಗೆ ನೀಲಿ ಪರದೆ ಬಂತು. ಅದರಲ್ಲಿ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಡಿಸ್ಕನ್ನೇ ನೋಡಬೇಕು ಅಂತ ಬದಲಾಯಿಸಬೇಕಿತ್ತಂತೆ. ಬದಲಾಯಿಸಿದ್ದಾಯಿತು. ಆದರೂ ಫೇಲೇ. ಆಗ ಗಂಗಾಂಬಿಕೆಯಿಂದ ಹೊಸ ಪ್ರಶ್ನೆ ಬಂತು: ಡಿಸ್ಕಿನ ಹೊಳೆಯುವ ಕಡೆ ಚೊಕ್ಕಟವಾಗಿದೆಯಾ? ಪ್ರಶ್ನೆ ಬೀದಿ ದಾಟಿ ಹೋಗಿ, ಕಲ್ಲಮ್ಮನ ಉತ್ತರ ಹೊತ್ತುಕೊಂಡು ಬಂತು. ಅಂಕಮ್ಮ ಹ್ಞೂಂಕರಿಸಿ ಅದನ್ನು ನಡುಮನೆಗೆ ಕೂಗಿ ಹೇಳಿದಳು: "ಪ್ರತೀ ಸಲ ವಿಭೂತಿ ಹಚ್ಚಿ, ಕುಂಕುಮ ಇಟ್ಟೇ ಒಳಗೆ ಬುಡೋದಂತೆ. ಅದಕ್ಕಿಂತ ಚೊಕ್ಕಟ ಬೇಕಾ ಅಂತ ನಿಮ್ಮತ್ತೆ ಕೇಳ್ತವ್ಳೆ!"

ದೇವದುರ್ಗದ ಕಡೆ ಬಹಳ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಅವಳು ಹೇಳಿದ್ದು ಇಷ್ಟೇ: "ಸರಿ ಹಂಗಾದ್ರೆ. ಎಲ್ಲಾನೂ ಮೊದಲಿಂದ ಶುರು ಮಾಡೋಕೆ ಹೇಳಿ."

ನಾವು ಶುರು ಮಾಡಿದೆವು. ಈ ಸಲ ಸುದ್ದಿ ತಲುಪಿಸುವ ಉಮೇದಿನಲ್ಲಿ ಅಂಕಮ್ಮನೂ ಹೊಸ್ತಿಲು ಬಿಟ್ಟು ಬೀದಿಗೆ ಇಳಿದಿದ್ದಳು. ಬೆಟ್ಟಸ್ವಾಮಿಯ ಉತ್ತರ ಹೊತ್ತು ನಾನೇ ನಡುಮನೆಯ ಬಾಗಿಲವರೆಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ಆ ಫೋನು ಬಂದಾಗಿನಿಂದ, ಅದು ಯಾರದೋ ಕಿವಿಯಲ್ಲಿರುವಾಗ ಆ ನಡುಮನೆ ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಶಂಭುಲಿಂಗಯ್ಯ ಗೋಡೆಯ ಕಡೆ ತಿರುಗಿ, ಫೋನನ್ನು ಎರಡೂ ಕೈಲಿ ಹಿಡಿದು ಹೇಳುತ್ತಿದ್ದ:

"...ರಾತ್ರಿ ಉಣ್ಣಕ್ಕೆ ಕೂತಾಗ ನಿನ್ ತಟ್ಟೇನೂ ಇಟ್ಕತೀನಿ ಕಣೇ. ಅವ್ವ ನೋಡಿದ್ರೆ ಮರ್ತು ಇಟ್ಟೆ ಅಂತೀನಿ. ದಿನಾ ಮರೀತೀನಿ."

ನಾನು ಉತ್ತರ ಹೇಳದೆ ಮೆಲ್ಲಗೆ ಹಿಂದೆ ಬಂದೆ. "ಏನಂತ್ಲಾ?" ಅಂತ ಅಂಕಮ್ಮ ಕೇಳಿದ್ದಕ್ಕೆ, "ತಡೀಬೇಕಂತೆ, ಟೀಚರಮ್ಮ ಯೋಚ್ನೆ ಮಾಡ್ತವ್ರೆ" ಅಂದೆ.

ಅವತ್ತು ಶಂಭುಲಿಂಗಯ್ಯ ಫೋನಿಟ್ಟು ಹೊರಗೆ ಬಂದಾಗ ಅವನ ಮುಖ ನೋಡಿದವರು, ಧಾರಣೆ ಏರಿರಬೇಕು ಅಂದುಕೊಂಡರು.

ಆದರೂ ಅವನಿಗೆ ಪೆಟ್ಟಿಗೆಯನ್ನು ಬದುಕಿಸುವ ಹಟ. ಬೀಗ ಹಾಕಿದ ಕಾಗದ ಬರಬೇಕಲ್ಲ! ನನ್ನನ್ನು ಕರೆದುಕೊಂಡು ತಿಪಟೂರಿಗೆ ಹೊರಟ. ಮೊದಲ ಸಲ ಪರದೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದೆವು, ಫೇಲ್ ಅಂತ ಬರುವುದು ಅದರ ಮೇಲೇ ತಾನೇ? ಖಾದರ್ ಸಾಬರು ಕಂಬಳಿ ಬಿಚ್ಚಿ ನೋಡಿ, "ಅರೆ ಶಂಭು ಭಾಯ್, ಕನ್ನಡಿ ತಂದಿದ್ದೀರಿ. ಮುಖ ಎಲ್ಲಿ?" ಅಂತ ವಾಪಸು ಕಳಿಸಿದರು. ಎರಡನೇ ಸಲ ಪೆಟ್ಟಿಗೆ ಒಯ್ದೆವು, ಡಿಸ್ಕು ದೇವರ ಮನೆಯಲ್ಲೇ ಉಳಿಯಿತು. ಸಾಬರು ತಮ್ಮ ಹತ್ತಿರವಿದ್ದ ಇನ್ಯಾರದೋ ಡಿಸ್ಕನ್ನು ಹಾಕಿದರು. ಪೆಟ್ಟಿಗೆ ಒಂದೇ ಸಲಕ್ಕೆ ಎದ್ದು ಕೂತಿತು, ಡಾಕ್ಟರ ಮುಂದೆ ಜ್ವರ ಬಿಟ್ಟ ಮಗುವಿನಂತೆ.

"ಪೆಟ್ಟಿಗೆ ಸರಿ ಇದೆ. ಈ ಡಿಸ್ಕ್ ಬೇರೆಯವರದು, ಇದನ್ನ ನಿಮಗೆ ಹಾಕೋ ಹಂಗಿಲ್ಲ. ಮನೇಲಿ ನಿಮ್ಮದನ್ನೇ ಹಾಕಿ" ಅಂದರು ಸಾಬರು. ಹಾಗೆನ್ನುತ್ತ ಆ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಹೊರತೆಗೆದು, ಹೊಳೆಯುವ ಕಡೆಗೆ ಬಾಯಿಂದ ಹಾ ಅಂತ ಉಸಿರು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. "ಒಂದು ಬೆರಳಿನ ಗುರುತು ಬಿದ್ರೂ ಓದಕ್ಕೆ ಕಷ್ಟ ಇದಕ್ಕೆ. ನಮ್ಮ ಕಣ್ಣಿದ್ದಂಗೆ. ಕಣ್ಣಿಗೆ ಮಣ್ಣು ಮೆತ್ತಿದ್ರೆ ನಾವು ಓದ್ತೀವಾ?"

ಶಂಭುಲಿಂಗಯ್ಯ ತನ್ನ ಮೂರು ಬೆರಳುಗಳನ್ನು ನೋಡಿಕೊಂಡ. ಆಮೇಲೆ ನನ್ನ ಮುಖ ನೋಡಿದ. ನಾನು ಬೀದಿಯ ಕಡೆ ನೋಡಿದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕಿಬ್ಬನಹಳ್ಳಿಯವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ, "ಇವತ್ತು ಒರೆಸಿ ಹಾಕಿದ್ರೆ ಇವತ್ತೇ ಶುರುವಾಗ್ಬುಡ್ತದೆ, ಅಲ್ವೇನ್ಲಾ?" ಅಂದ.

"ಆಗ್ಬುಡ್ತದೆ."

"ಆಮೇಲೆ ಫೋನಲ್ಲಿ ಹೇಳಕ್ಕೆ ಏನಿರ್ತದೆ? ಎಲ್ಲಾರೂ ಬಂದು ಕೂತ್ಕತಾರೆ."

ನಾನು ಪೆಟ್ಟಿಗೆಯ ಈ ತುದಿಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

ಅಂದಿನಿಂದ ಅವನಿಗೆ ಎಲ್ಲಿಲ್ಲದ ದೈವಭಕ್ತಿ ಬಂತು. ಫೋನಿನ ಹೊತ್ತಾಗುತ್ತಿದ್ದಂತೆ "ಅವ್ವ, ಡಿಸ್ಕಿಗೆ ಪೂಜೆ ಆಯ್ತಾ?" ಅಂತ ತಾನೇ ಕೇಳುತ್ತಿದ್ದ. "ಇನ್ನೊಂಚೂರು ಗಟ್ಟಿಯಾಗಿ ಕಲಸವ್ವ, ತೆಳ್ಳಗೈತೆ" ಅನ್ನುತ್ತಿದ್ದ. ದೇವರ ಮನೆಗೆ ಕಾಲಿಡದಿದ್ದ ಮಗ ಹೀಗಾದನಲ್ಲ ಅಂತ ಕಲ್ಲಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಭಾನುವಾರದ ಫೋನು ಬುಧವಾರವೂ ಬರತೊಡಗಿತು, ಶುಕ್ರವಾರವೂ ಬಂತು. ಆ ಕಡೆಯಿಂದ ಗಂಗಾಂಬಿಕೆ ಬಗೆಬಗೆಯ ಪರೀಕ್ಷೆ ಹೇಳುತ್ತಿದ್ದಳು. ಹಿಂದಿನ ತಂತಿ ಬಿಚ್ಚಿ ಹಾಕಿ. ಪರದೆಯ ಮೇಲೆ ಬಂದ ಇಂಗ್ಲಿಷನ್ನೆಲ್ಲ ಒಂದೊಂದೇ ಅಕ್ಷರವಾಗಿ ಓದಿ ಹೇಳಿ. ಅಕ್ಷರಗಳು ಬೀದಿಯಲ್ಲಿ ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದಂತೆ ಬರುತ್ತಿದ್ದವು, ಅವು ತಲುಪುವವರೆಗೆ ನಡುಮನೆ ಅವರಿಬ್ಬರದು.

ಬೀದಿಯೂ ಕೈಕಟ್ಟಿ ಕೂರಲಿಲ್ಲ. ಲೈನಿನ ಮೇಲೆ ಮಾತು ಬಂತಲ್ಲ ಅಂತ ಬೆಟ್ಟಸ್ವಾಮಿ ಕಂಬ ಹತ್ತಿ ಶಂಭುಲಿಂಗಯ್ಯನ ಮನೆಯ ತಂತಿಯನ್ನು ಹೊಸದಾಗಿ ಕಟ್ಟಿದ. ಆ ಸಂಜೆ ಕೆಳಗಿನ ಬೀದಿಗೆಲ್ಲ ಕರೆಂಟು ಹೋಯಿತು. ಮರುಳಪ್ಪಣ್ಣ ಪೆಟ್ಟಿಗೆಯ ಮುಖವನ್ನು ಪೂರ್ವಕ್ಕೆ ಮಾಡಿಸಿದ, ಆಗದಿದ್ದಾಗ ಉತ್ತರಕ್ಕೆ ಮಾಡಿಸಿದ. ಅಂಕಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಇಡೀ ಬೀದಿ ಕೆಮ್ಮಿತು. ಇಷ್ಟೆಲ್ಲ ನೋಡುತ್ತ ಶಂಭುಲಿಂಗಯ್ಯ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಭಾದ್ರಪದ ಕಳೆಯುತ್ತ ಬಂದಾಗ ಮರುಳಪ್ಪಣ್ಣನ ತಾಳ್ಮೆ ಕಳಚಿತು. ಅಟ್ಟದಲ್ಲಿ ಇಲಿ ಕೊಬ್ಬರಿ ತಿನ್ನುತ್ತಿತ್ತು. ಒಂದು ಭಾನುವಾರ, ಯಾರಿಗೂ ಹೇಳದೆ, ಖಾದರ್ ಸಾಬರನ್ನೇ ಕರೆದುಕೊಂಡು ಬಂದುಬಿಟ್ಟ. ಸರಿಯಾಗಿ ಫೋನಿನ ಹೊತ್ತು. ನಾವೆಲ್ಲ ಸಾಲಾಗಿ ನಿಂತಿದ್ದೆವು, ಶಂಭುಲಿಂಗಯ್ಯ ಗೋಡೆಗೆ ಮುಖ ಮಾಡಿ ಫೋನಿನಲ್ಲಿದ್ದ. ಸಾಬರ ಸ್ಕೂಟರಿನ ಸದ್ದು ಕೇಳಿ ಬಾಗಿಲಿಗೆ ಬಂದ. ಡಿಸ್ಕು ಒರೆಸಿ ಹಾಕುವುದು ಸಾಬರಿಗೆ ಒಂದು ನಿಮಿಷದ ಕೆಲಸ, ಎಲ್ಲ ಮುಗಿಯುತ್ತಿತ್ತು.

ಸಾಬರು ಪೆಟ್ಟಿಗೆಯ ಮುಂದೆ ಕೂತು ಡಿಸ್ಕನ್ನು ಹೊರತೆಗೆದರು. ತಿರುಗಿಸಿದರು. ಮೂರು ಬೆರಳಿನ ವಿಭೂತಿ, ಕುಂಕುಮ. ನಾನು ಅವರ ಹಿಂದೆಯೇ ನಿಂತಿದ್ದೆ. ಅವರು ಡಿಸ್ಕಿನಿಂದ ಕಣ್ಣೆತ್ತಿ ಬಾಗಿಲ ಕಡೆ ನೋಡಿದರು, ಬೀದಿಯುದ್ದಕ್ಕೂ ನಿಂತ ನಮ್ಮನ್ನು ನೋಡಿದರು, ಬೀದಿಯಾಚೆ ಖಾಲಿ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಶಂಭುಲಿಂಗಯ್ಯನನ್ನು ನೋಡಿದರು. ಅವನ ಹಿಂದೆ ಫೋನು ತಂತಿಯಿಂದ ಜೋತುಬಿದ್ದಿತ್ತು.

"ಏನ್ ಸಾಬ್ರೇ, ಆಯ್ತದಾ?" ಅಂದ ಮರುಳಪ್ಪಣ್ಣ.

ಸಾಬರು ಡಿಸ್ಕನ್ನು ಹಾಗೆಯೇ ಒಳಗೆ ತಳ್ಳಿದರು. "ಭಾರೀ ತೊಂದರೆ ಇದೆ ಮರುಳಪ್ಪನೋರೇ. ಇದು ನನ್ನ ಕೈಲಾಗೋದಲ್ಲ. ಟೀಚರಮ್ಮ ಹೇಳ್ಕೊಟ್ಟಂಗೆ ಫೋನಲ್ಲೇ ಮಾಡ್ಬೇಕು. ನಿಧಾನಕ್ಕೆ ಆಗ್ಲಿ, ಅವಸರ ಮಾಡ್ಬೇಡಿ."

ಸ್ಕೂಟರಿನವರೆಗೆ ಅವರನ್ನು ಬಿಡಲು ನಾನು ಹೋದೆ. ಕಿಕ್ ಹೊಡೆಯುವ ಮುಂಚೆ ಅವರು ಹೇಳಿದರು: "ನಾನು ಸೌದಿಲಿ, ಜೆಡ್ಡಾದಲ್ಲಿ ಕೆಲಸಕ್ಕಿದ್ದಾಗ ಮನೆಗೆ ಕ್ಯಾಸೆಟ್ಟಲ್ಲಿ ಮಾತಾಡಿ ಕಳಿಸ್ತಿದ್ದೆ. ಎಲ್ಲಾರೂ ಸುತ್ತ ಕೂತು ಕೇಳೋರು, ಅಬ್ಬಾ, ಅಮ್ಮಿ, ಅಕ್ಕಪಕ್ಕದೋರು. ನಮ್ಮ ಮನೆಯಾಕೆ ಗುಲ್ಷನ್‌ಗೆ ಅಂತ ಒಂದು ಮಾತು ಹೇಳಕ್ಕಾಗ್ತಿರಲಿಲ್ಲ. ಕೊನೆಗೆ, ಮಾತು ಮುಗಿಯೋ ಮುಂಚೆ ಒಂದ್ಸಲ ಕೆಮ್ಮೋದು. ಆ ಕೆಮ್ಮು ಅವಳದ್ದು. ಅಮ್ಮಿ ಮಾತ್ರ ಮುಂದಿನ ಕಾಗದದಲ್ಲಿ ಕಷಾಯ ಕುಡಿ ಅಂತ ಬರೆಸೋರು." ನಕ್ಕರು. ಗಾಡಿ ಶುರು ಮಾಡಿಕೊಂಡು ಹೋದರು. ನಾನು ವಾಪಸು ಬಂದು ಬೀದಿಯ ನಡುವೆ ನನ್ನ ಜಾಗದಲ್ಲಿ ನಿಂತು, ಕೂಗಬೇಕಾದ್ದನ್ನು ಕೂಗಿದೆ.

ದಸರಾ ರಜ ಬಂತು, ಗಂಗಾಂಬಿಕೆಯೂ ಬಂದಳು. ಆಯುಧ ಪೂಜೆಯ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಕೂತಳು. ನಾವೆಲ್ಲ ಹಾಜರಿದ್ದೆವು. ಅವಳು ಡಿಸ್ಕನ್ನು ತೆಗೆದು ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಮುಟ್ಟಿದಳು.

"ವಿಭೂತಿ ಇನ್ನೂ ಹಸಿ ಇದೆ" ಅಂದಳು, ಗಂಡನನ್ನು ನೋಡಿ.

"ನಾನಲ್ಲ ಕಣವ್ವ" ಅಂದಳು ಕಲ್ಲಮ್ಮ. "ಇವತ್ತು ಹಬ್ಬದ ಅಡುಗೇಲಿ ನಂಗೆ ಪುರುಸೊತ್ತೆಲ್ಲಿ? ಅವ್ನೇ ಎದ್ದು ಸ್ನಾನ ಮಾಡಿ ಹಚ್ಚವ್ನೆ."

ಶಂಭುಲಿಂಗಯ್ಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಹೆಂಡತಿ ಬಂದಿದ್ದಾಳೆ, ಇನ್ನು ಹಚ್ಚುವ ಅಗತ್ಯವಿಲ್ಲ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಅಭ್ಯಾಸ. ಗಂಗಾಂಬಿಕೆ ತಲೆ ಬಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ಅಂಕಮ್ಮ ಹತ್ತಿರ ಹೋದಳು. ನಗುತ್ತಿದ್ದಳು. ಆದರೆ ಕಣ್ಣಲ್ಲಿ ನೀರೂ ಇತ್ತು, ಅಂಕಮ್ಮ ಹೇಳಿದ್ದು ಅರ್ಧ ಸರಿ.

"ನೀವು ಕಂಡುಹಿಡಿಯಕ್ಕೆ ಇಷ್ಟು ದಿನ ಮಾಡ್ತೀರ ಅಂದ್ಕೊಂಡಿರ್ಲಿಲ್ಲ" ಅಂದಳು ಗಂಡನಿಗೆ ಮಾತ್ರ ಕೇಳಿಸುವಂತೆ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. "ನಂಗೆ ಮೊದಲನೇ ದಿನವೇ ಗೊತ್ತಾಯ್ತು. ಅಂಕಮ್ಮಕ್ಕ ಕೂಗಿದ್ರಲ್ಲ."

"ನಂಗೂ ತಿಪಟೂರಲ್ಲೇ ಗೊತ್ತಾಯ್ತು" ಅಂದ ಅವನು ಕ್ಯಾಲೆಂಡರಿಗೆ.

ಅವಳು ಸೆರಗಿನ ತುದಿಯಿಂದ ಡಿಸ್ಕನ್ನು ಒರೆಸಿ, ಒಳಗೆ ಹಾಕಿ, ಆನ್ ಮಾಡಿದಳು. ಫೇಲು ಬರಲಿಲ್ಲ. ನೀಲಿ ಪರದೆ ಬಂತು, ಅಕ್ಷರ ಓಡಿದವು, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಬದುಕಿತ್ತು. ವಿಭೂತಿಯನ್ನು ಪೆಟ್ಟಿಗೆಯ ತಲೆಯ ಮೇಲೆ ಹಚ್ಚಿ ಅಂತ ಅವಳು ಅತ್ತೆಗೆ ಹೇಳಿಕೊಟ್ಟಳು.

"ಧಾರಣೆ?" ಅಂದ ಮರುಳಪ್ಪಣ್ಣ.

ಎಲ್ಲರೂ ಶಂಭುಲಿಂಗಯ್ಯನ ಕಡೆ ತಿರುಗಿದರು. ಅವನು ಹೆಂಡತಿಯ ಕಡೆ ತಿರುಗಿದ. ಅವಳಿಗೆ ಈ ಧಾರಣೆಯ ಕತೆ ಆಗಷ್ಟೇ ಗೊತ್ತಾದದ್ದು. ಒಂದು ಗಳಿಗೆ ಯೋಚಿಸಿ, "ಮೊನ್ನೆ ಹರಾಜಲ್ಲಿ ಏನಾಗಿತ್ತು ಮರುಳಪ್ಪಣ್ಣ?" ಅಂತ ಕೇಳಿದಳು. ಅವನು ಹೇಳಿದ. ಅವಳು ಅದನ್ನು ಕುಟ್ಟಿ, ಪರದೆಯ ತುಂಬ ಬರುವಂತೆ ದೊಡ್ಡದು ಮಾಡಿದಳು. ಮರುಳಪ್ಪಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ.

"ಸರಿಯಾಗಿ ಹೇಳ್ತು ಕಣ್ಲಾ!" ಅಂತ ಬೀದಿಗೆಲ್ಲ ಕೂಗಿದ. "ನಾನ್ ಹೇಳಿದ್ದಕ್ಕೂ ಇದು ಹೇಳಿದ್ದಕ್ಕೂ ಒಂಚೂರೂ ವ್ಯತ್ಯಾಸ ಇಲ್ಲ!"

ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಚದುರಿದ ಮೇಲೆ ಶಂಭುಲಿಂಗಯ್ಯ ಮೆಲ್ಲಗೆ ಕೇಳಿದ: "ಇನ್ಮೇಲೆ ಬೀಗದ ಕಾಗದ ಬರ್ತದಲ್ಲ?"

"ಬರ್ತದೆ. ಫೋನ್ ಲೈನ್ ಎಲ್ಲಿ? ಪೆಟ್ಟಿಗೇನ ಅದಕ್ಕೆ ಚುಚ್ಚಬೇಕು, ಕಾಗದ ಆ ತಂತೀಲೇ ಬರೋದು."

"ಅದಕ್ಕೂ ಫೋನ್ ಬೇಕಾ?"

ಗಂಗಾಂಬಿಕೆ ಬೀದಿಯಾಚೆ ಮರುಳಪ್ಪಣ್ಣನ ಮನೆ ನೋಡಿದಳು. ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದರು. ಈ ಸಲ "ಮತ್ತೆ?" ಅಂತ ಯಾರೂ ಕೇಳಲಿಲ್ಲ.

ರಜ ಮುಗಿಯುವುದಕ್ಕೆಷ್ಟು ಹೊತ್ತು! ಅವಳನ್ನು ಕಳಿಸಲು ಕಿಬ್ಬನಹಳ್ಳಿ ಕ್ರಾಸಿಗೆ ನಾನೂ ಹೋಗಿದ್ದೆ, ಕೊಬ್ಬರಿ ಚೀಲ ಹೊತ್ತುಕೊಂಡು. ಬಳ್ಳಾರಿ ಬಸ್ಸು ಬಂತು. ಶಂಭುಲಿಂಗಯ್ಯ ಕಿಟಕಿಯ ಹತ್ತಿರ ನಿಂತು ಅದು ಇಟ್ಟುಕೊಂಡ್ಯಾ, ಇದು ಇಟ್ಟುಕೊಂಡ್ಯಾ ಅಂತ ಕೇಳಿದ. ಎಲ್ಲ ಇಟ್ಟುಕೊಂಡಿದ್ದಳು. ಕಂಡಕ್ಟರು ಸೀಟಿ ಊದಿದ. ಆಗ ಅವಳು ಕಿಟಕಿಯಿಂದ ಬಗ್ಗಿ, ಸುತ್ತ ಇಷ್ಟು ಜನ ಇದ್ದಾರೆ ಅನ್ನುವುದನ್ನೂ ಮರೆತು, ಅವನ ಕೈ ಹಿಡಿದುಕೊಂಡಳು.

"ಭಾನುವಾರ ಫೋನ್ ಮಾಡ್ತೀನಿ ರೀ. ಅಷ್ಟರಲ್ಲಿ ಏನಾದ್ರೂ ಕೆಡಿಸಿಟ್ಟಿರಿ."

ಬಸ್ಸು ಹೊರಟಿತು. ಹುಳಿಯಾರಿನ ದಾರಿಯಲ್ಲಿ ಅದರ ಧೂಳು ಕೂಡ ಕಾಣದಾದ ಮೇಲೂ ಅವನು ಅಲ್ಲೇ ನಿಂತಿದ್ದ. ಕಣ್ಣೊರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ, ಮುಖದ ತುಂಬ ನಿಜವಾದ ಚಿಂತೆ.

"ಲೇ, ತಿಪಟೂರು ಬಸ್ ಎಷ್ಟೊತ್ತಿಗ್ಲಾ? ಖಾದರ್ ಸಾಬ್ರನ್ನ ಕೇಳ್ಕಂಡು ಬರಾನ. ಏನು ಕೆಡಿಸಿದ್ರೆ ಬೇಗ ಸರಿಹೋಗಲ್ಲ ಅಂತ."